ಯಂತ್ರಕ್ಕಿಂತ ಮೊದಲೇ ಮುಪ್ಪಾಗುವ ನಕ್ಷೆ

1962ರ ಅಕ್ಟೋಬರಿನಲ್ಲಿ ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾ ಕಾರ್ಖಾನೆಯಿಂದ ಕೊನೆಯ ಬಿ-52 ಬಾಂಬರ್ ವಿಮಾನ ಹೊರಬಂತು. ಆಮೇಲೆ ಆ ಮಾದರಿಯ ಒಂದು ವಿಮಾನವೂ ತಯಾರಾಗಿಲ್ಲ. ಆದರೂ ಎಪ್ಪತ್ತಕ್ಕೂ ಹೆಚ್ಚು ಬಿ-52ಗಳು ಇಂದಿಗೂ ಸೇವೆಯಲ್ಲಿವೆ. ಅವುಗಳ ಹಳೆಯ ಎಂಜಿನ್ ಕಳಚಿ, ರೋಲ್ಸ್-ರಾಯ್ಸ್ ಕಂಪನಿಯ ಹೊಸ ಎಂಜಿನ್ ಜೋಡಿಸಿ, 2050ರ ದಶಕದವರೆಗೂ ಹಾರಿಸಬೇಕೆಂಬುದು ಅಲ್ಲಿನ ವಾಯುಪಡೆಯ ಯೋಜನೆ. ಮೊದಲ ಬಿ-52 ಆಕಾಶಕ್ಕೇರಿದ್ದು 1952ರಲ್ಲಿ. ಅಂದರೆ ಒಂದೇ ವಿನ್ಯಾಸಕ್ಕೆ ಹೆಚ್ಚುಕಡಿಮೆ ನೂರು ವರ್ಷದ ಆಯಸ್ಸು.

ಇಂಥ ವಿಮಾನದ ರೆಕ್ಕೆಗೆ ಹೊಸ ಎಂಜಿನ್ ತೂಗುಹಾಕಬೇಕಾದವರ ಮುಂದೆ ಏನೇನು ಪ್ರಶ್ನೆಗಳಿರುತ್ತವೆ ಯೋಚಿಸಿ. ರೆಕ್ಕೆಯೊಳಗಿನ ತೊಲೆಯನ್ನು ಎಷ್ಟು ಭಾರಕ್ಕೆಂದು ಲೆಕ್ಕ ಹಾಕಿದ್ದರು? ಅದಕ್ಕೆ ಬಳಸಿದ ಮಿಶ್ರಲೋಹ ಯಾವುದು? ಅರವತ್ತು ವರ್ಷಗಳ ರಿಪೇರಿಯಲ್ಲಿ ಎಲ್ಲೆಲ್ಲಿ ತೂತು ಕೊರೆದಿದ್ದಾರೆ, ಎಲ್ಲೆಲ್ಲಿ ತೇಪೆ ಹಾಕಿದ್ದಾರೆ? ಆ ಲೆಕ್ಕ ಮಾಡಿದವರು ಸ್ಲೈಡ್ ರೂಲ್ ಬಳಸಿದ ತಲೆಮಾರಿನವರು. ಅವರನ್ನು ಕೇಳೋಣವೆಂದರೆ ಬಹುಪಾಲು ಜನ ಈಗಿಲ್ಲ. ಉಳಿದಿರುವುದು ಅವರು ಬಿಟ್ಟುಹೋದ ಕಡತ ಮಾತ್ರ.

ದೀರ್ಘಕಾಲ ಬಾಳುವ ಯಂತ್ರಗಳ ಪಾಡೇ ಇದು. ಪ್ರಯಾಣಿಕ ವಿಮಾನದ ಒಂದು ಮಾದರಿ ವಿನ್ಯಾಸದ ಮೇಜಿನಲ್ಲಿ ಹುಟ್ಟಿ, ಆ ಮಾದರಿಯ ಕೊನೆಯ ವಿಮಾನ ಗುಜರಿ ಸೇರುವ ಹೊತ್ತಿಗೆ 50ರಿಂದ 70 ವರ್ಷ ಕಳೆದಿರುತ್ತದೆ. ಪರಮಾಣು ಸ್ಥಾವರ 40-60 ವರ್ಷ ನಡೆಯುತ್ತದೆ. ಮುಚ್ಚಿದ ಮೇಲೆ ಅದನ್ನು ಬಿಚ್ಚಿ ತೆಗೆಯಲು ಇನ್ನೂ ಕೆಲವು ದಶಕ ಬೇಕು. ಅಣೆಕಟ್ಟೆಗೆ ಶತಮಾನವೂ ದೊಡ್ಡದಲ್ಲ. ಇವನ್ನೆಲ್ಲ ರೂಪಿಸಲು ಬಳಸುವ ಸಾಫ್ಟ್‌ವೇರ್ ಮಾತ್ರ ವರ್ಷ, ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿಗೆ ಜಿಗಿಯುತ್ತದೆ. ಅದನ್ನು ಓಡಿಸುವ ಕಂಪ್ಯೂಟರು ಐದಾರು ವರ್ಷಕ್ಕೆ ಮೂಲೆ ಸೇರುತ್ತದೆ. ಬಳಸುವ ಎಂಜಿನಿಯರು ಮೂವತ್ತೈದು ವರ್ಷ ದುಡಿದು ನಿವೃತ್ತರಾಗುತ್ತಾರೆ. ಯಂತ್ರ ಗಟ್ಟಿಮುಟ್ಟಾಗಿರುವಾಗಲೇ ಅದರ ಬಗೆಗಿನ ತಿಳಿವಳಿಕೆಗೆ ಮುಪ್ಪು ಬಂದಿರುತ್ತದೆ.

ಈ ತಿಳಿವಳಿಕೆ ಕೆಡುವುದು ಮೂರು ಬಗೆಯಲ್ಲಿ. ಕಡತ ಇದ್ದೂ ತೆರೆಯಲಾಗದಿರುವುದು ಒಂದು. ತೆರೆದರೂ ಅದರಲ್ಲಿರುವುದಕ್ಕೂ ಯಂತ್ರದಲ್ಲಿರುವುದಕ್ಕೂ ತಾಳೆಯಾಗದಿರುವುದು ಇನ್ನೊಂದು. ತೆರೆದು ತಾಳೆಯಾದರೂ ‘ಇದನ್ನು ಹೀಗೇಕೆ ಮಾಡಿದರು’ ಎಂಬುದು ಯಾರಿಗೂ ಗೊತ್ತಿಲ್ಲದಿರುವುದು ಮೂರನೆಯದು. ಮೊದಲನೆಯದನ್ನು ಹಣದಿಂದ, ಎರಡನೆಯದನ್ನು ಶಿಸ್ತಿನಿಂದ ಸರಿಪಡಿಸಬಹುದು. ಮೂರನೆಯದು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ.

ತೆರೆಯಲು ಬಾರದ ಕಡತ

ಕಾಗದದ ಕಾಲದಲ್ಲಿ ಈ ಮೊದಲ ತೊಂದರೆ ಅಷ್ಟಾಗಿ ಇರಲಿಲ್ಲ. ನಕ್ಷೆಗಳನ್ನು ಟ್ರೇಸಿಂಗ್ ಬಟ್ಟೆಯ ಮೇಲೆ, ಆಮೇಲೆ ಪಾಲಿಯೆಸ್ಟರ್ ಹಾಳೆಯ ಮೇಲೆ ಮಸಿಯಲ್ಲಿ ಬರೆಯುತ್ತಿದ್ದರು. ಜಾಗ ಉಳಿಸಲು ಅವುಗಳ ಫೋಟೋ ತೆಗೆದು ಮೈಕ್ರೋಫಿಲ್ಮಿಗೆ ಇಳಿಸುತ್ತಿದ್ದರು. ಕಾರ್ಡೊಂದರಲ್ಲಿ ಕಿಟಕಿ ಕತ್ತರಿಸಿ, ಅಲ್ಲಿ 35 ಮಿಲಿಮೀಟರ್ ಫಿಲ್ಮಿನ ಒಂದು ತುಂಡನ್ನು ಕೂರಿಸಿದರೆ ದೊಡ್ಡ ನಕ್ಷೆಯೊಂದು ಅಂಗೈಯಲ್ಲಿ ಹಿಡಿಸುತ್ತಿತ್ತು. ಸರಿಯಾಗಿ ಸಂಸ್ಕರಿಸಿ, ತಂಪಾದ ಒಣ ಜಾಗದಲ್ಲಿಟ್ಟ ಪಾಲಿಯೆಸ್ಟರ್ ಮೈಕ್ರೋಫಿಲ್ಮ್ 500 ವರ್ಷ ಬಾಳುತ್ತದೆಂಬುದು ಒಪ್ಪಿತ ಅಂದಾಜು. ಓದಲು ಬೇಕಾದದ್ದು ಬೆಳಕು ಮತ್ತು ಮಸೂರ ಅಷ್ಟೆ.

ಕಂಪ್ಯೂಟರ್ ಬಂದ ಮೇಲೆ ನಕ್ಷೆ ಹೋಗಿ ಮೂರು ಆಯಾಮದ ಮಾದರಿ ಬಂತು. 1994ರಲ್ಲಿ ಮೊದಲ ಬಾರಿ ಹಾರಿದ ಬೋಯಿಂಗ್ 777 ಇಡಿಯಾಗಿ ಕಂಪ್ಯೂಟರಿನಲ್ಲೇ ರೂಪಗೊಂಡ ಮೊದಲ ಪ್ರಯಾಣಿಕ ವಿಮಾನ ಎನಿಸಿಕೊಂಡಿತು. ಅನುಕೂಲಗಳು ಸಾಲುಸಾಲು: ಕೊಳವೆಗೆ ಕೊಳವೆ ತಾಗುವುದನ್ನು ಲೋಹ ಕತ್ತರಿಸುವ ಮೊದಲೇ ಪರದೆಯ ಮೇಲೆ ಕಾಣಬಹುದು, ಭಾರವನ್ನು ಕ್ಷಣದಲ್ಲಿ ಲೆಕ್ಕ ಹಾಕಬಹುದು. ಇವುಗಳ ಜೊತೆಗೇ ಹೊಸದೊಂದು ಪರಾಧೀನತೆಯೂ ಬಂತು. ಆ ಕಡತವನ್ನು ಬರಿಗಣ್ಣಿನಿಂದ ಓದಲಾಗದು; ಅದನ್ನು ಬರೆದ ಸಾಫ್ಟ್‌ವೇರೇ ಮತ್ತೆ ಓದಿ ಹೇಳಬೇಕು.

ಈ ಪರಾಧೀನತೆಯ ಬೆಲೆ ಎಷ್ಟೆಂದು ಏರ್‌ಬಸ್ ಕಂಪನಿಗೆ 2006ರಲ್ಲಿ ತಿಳಿಯಿತು. ಎರಡು ಅಂತಸ್ತಿನ ಎ380 ವಿಮಾನದ ಭಾಗಗಳನ್ನು ಯುರೋಪಿನ ಬೇರೆ ಬೇರೆ ದೇಶಗಳಲ್ಲಿ ತಯಾರಿಸಿ ಫ್ರಾನ್ಸಿನ ಟೂಲೂಸ್‌ನಲ್ಲಿ ಜೋಡಿಸುತ್ತಿದ್ದರು. ಒಂದು ವಿಮಾನದೊಳಗೆ ಸುಮಾರು 530 ಕಿಲೋಮೀಟರ್ ವಿದ್ಯುತ್ ತಂತಿ. ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ತಂತಿಗಳ ವಿನ್ಯಾಸ ಮಾಡಿದವರು ಬಳಸಿದ್ದು ಕಟಿಯಾ ಸಾಫ್ಟ್‌ವೇರಿನ ನಾಲ್ಕನೇ ಆವೃತ್ತಿ. ಫ್ರಾನ್ಸಿನವರು ಬಳಸಿದ್ದು ಐದನೆಯದು. ಹೆಸರು ಒಂದೇ ಆದರೂ ಐದನೆಯದನ್ನು ಬುಡದಿಂದ ಹೊಸದಾಗಿ ಬರೆಯಲಾಗಿತ್ತು. ಒಂದರಲ್ಲಿ ಮಾಡಿದ ತಿದ್ದುಪಡಿ ಇನ್ನೊಂದಕ್ಕೆ ಸರಾಗವಾಗಿ ಹರಿಯಲಿಲ್ಲ. ಜೋಡಣೆಯ ಹೊತ್ತಿಗೆ ನೋಡಿದರೆ ತಂತಿಗಳ ಕಟ್ಟುಗಳು ಉದ್ದ ಸಾಲದೆ ನಿಂತವು. ವಿಮಾನಗಳ ಹಸ್ತಾಂತರ ಎರಡು ವರ್ಷದಷ್ಟು ತಡವಾಯಿತು, ಮಾತೃಸಂಸ್ಥೆಯ ಷೇರು ಒಂದೇ ದಿನದಲ್ಲಿ ಕಾಲುಭಾಗ ಬೆಲೆ ಕಳೆದುಕೊಂಡಿತು. ಒಂದೇ ಕಾಲದ, ಒಂದೇ ಕಂಪನಿಯ, ಒಂದೇ ವಿಮಾನದ ಮೇಲೆ ದುಡಿಯುತ್ತಿದ್ದ ಎರಡು ತಂಡಗಳ ನಡುವೆ ಇಷ್ಟಾದರೆ, ಅರ್ಧ ಶತಮಾನದ ಅಂತರವಿರುವ ಎರಡು ತಂಡಗಳ ಗತಿಯೇನು?

ಆವೃತ್ತಿ ಬದಲಾದರೆ ಆಕಾರ ಏಕೆ ಕೆಡುತ್ತದೆ ಎಂಬುದರಲ್ಲಿ ಸ್ವಾರಸ್ಯದ ಗಣಿತವಿದೆ. ಕಂಪ್ಯೂಟರಿನ ಮಾದರಿಯಲ್ಲಿ ಒಂದು ಬಿಡಿಭಾಗವೆಂದರೆ ಅದನ್ನು ಸುತ್ತುವರಿದ ಬಾಗುಮೈಗಳ ಜೋಡಣೆ. ಪ್ರತಿ ಮೈಗೂ ಒಂದು ಸಮೀಕರಣ. ಎರಡು ಮೈಗಳು ಕೂಡುವ ಅಂಚನ್ನು ಮಾತ್ರ ಕಂಪ್ಯೂಟರ್ ಅಂದಾಜಿನಲ್ಲೇ ಕಂಡುಹಿಡಿಯಬೇಕು, ಏಕೆಂದರೆ ಆ ಅಂಚಿಗೆ ಸಾಮಾನ್ಯವಾಗಿ ಚೊಕ್ಕವಾದ ಸಮೀಕರಣ ಇರುವುದಿಲ್ಲ. ಹಾಗಾಗಿ ಪ್ರತಿ ಅಂಚಿನಲ್ಲೂ ಕೂದಲೆಳೆಗಿಂತ ಸಣ್ಣ ಸಂದು ಉಳಿಯುತ್ತದೆ. ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗದಷ್ಟು ಸಂದನ್ನು ಒಂದು ಸಾಫ್ಟ್‌ವೇರ್ ‘ಇಲ್ಲ’ ಎಂದೇ ಎಣಿಸುತ್ತದೆ. ಇನ್ನೊಂದರ ನಿಯಮ ಅದಕ್ಕಿಂತ ಬಿಗಿ. ಅದರ ಕಣ್ಣಿಗೆ ಅದೇ ಭಾಗ ಬಿರುಕು ಬಿಟ್ಟ ಚಿಪ್ಪಿನಂತೆ ಕಾಣುತ್ತದೆ, ಅದಕ್ಕೆ ಘನಗಾತ್ರವನ್ನೇ ಲೆಕ್ಕ ಹಾಕಲಾಗುವುದಿಲ್ಲ.

ಯಾವ ಕಂಪನಿಗೂ ಸೇರದ ಒಂದು ಸಾಮಾನ್ಯ ಭಾಷೆ ಬೇಕೆಂಬ ಒತ್ತಾಯದಿಂದ ಹುಟ್ಟಿದ್ದು ‘ಸ್ಟೆಪ್’ ಎಂಬ ಅಂತರರಾಷ್ಟ್ರೀಯ ಮಾನಕ. ಕೆಲಸ ಶುರುವಾಗಿದ್ದು 1984ರಲ್ಲಿ, ಮೊದಲ ಭಾಗಗಳು ಪ್ರಕಟವಾಗಿದ್ದು 1994ರಲ್ಲಿ, ಐಎಸ್ಒ 10303 ಎಂಬ ಸಂಖ್ಯೆಯಲ್ಲಿ. ಇದರ ದೊಡ್ಡ ಗುಣವೆಂದರೆ ಕಡತ ಸಾದಾ ಅಕ್ಷರಗಳಲ್ಲಿರುತ್ತದೆ. ಯಾವ ಕಂಪ್ಯೂಟರಿನಲ್ಲಾದರೂ ಬಿಚ್ಚಿ ನೋಡಿದರೆ ಬಿಂದು, ಗೆರೆ, ಮೈಗಳ ಪಟ್ಟಿ ಸಾಲುಸಾಲಾಗಿ ಕಾಣುತ್ತದೆ. ಇದನ್ನು ಓದುವ ಸಾಫ್ಟ್‌ವೇರ್ ಎಲ್ಲಿಯೂ ಉಳಿಯದಿದ್ದರೂ ಮಾನಕದ ಪುಸ್ತಕ ಹಿಡಿದು ಹೊಸದಾಗಿ ಬರೆದುಕೊಳ್ಳಬಹುದು.

ಆದರೆ ಪರಿವರ್ತಿಸಿದ ಕಡತ ಮೂಲದಂತೆಯೇ ಇದೆಯೆಂದು ನಂಬುವುದು ಹೇಗೆ? ವಿಮಾನ ತಯಾರಕರು ಸೇರಿ ರೂಪಿಸಿದ ‘ಲೋಟಾರ್’ ಎಂಬ ದೀರ್ಘಕಾಲೀನ ಸಂಗ್ರಹದ ವಿಧಾನದಲ್ಲಿ ಇದಕ್ಕೊಂದು ಜಾಣ ಉಪಾಯವಿದೆ. ಮೂಲ ಸಾಫ್ಟ್‌ವೇರಿನಲ್ಲೇ ಆ ಭಾಗದ ಘನಗಾತ್ರ, ಮೇಲ್ಮೈಯ ವಿಸ್ತೀರ್ಣ, ಗುರುತ್ವ ಕೇಂದ್ರಗಳನ್ನು ಲೆಕ್ಕ ಹಾಕಿ, ಆ ಅಂಕಿಗಳನ್ನೂ ಕಡತದ ಜೊತೆಗೇ ಇಡುತ್ತಾರೆ. ಮುಂದೊಂದು ದಿನ ತೆರೆದವರು ತಮ್ಮ ಸಾಫ್ಟ್‌ವೇರಿನಲ್ಲಿ ಅದೇ ಲೆಕ್ಕ ಮಾಡುತ್ತಾರೆ. ಉತ್ತರ ಕೂಡಿದರೆ ಆಕಾರ ಸುರಕ್ಷಿತ, ಕೂಡದಿದ್ದರೆ ಎಲ್ಲೋ ಏನೋ ಕೆಟ್ಟಿದೆ. ನಡುವೆ ಎಷ್ಟು ಸಾಫ್ಟ್‌ವೇರುಗಳು ಬಂದುಹೋದರೂ ಈ ತಾಳೆ ನೋಡುವ ಕೆಲಸ ನಿಲ್ಲುವುದಿಲ್ಲ.

ಒಂದು ನಷ್ಟ ಮಾತ್ರ ಉಳಿದೇ ಇದೆ. ಇಂಥ ಪರಿವರ್ತನೆಯಲ್ಲಿ ಸಾಮಾನ್ಯವಾಗಿ ದಾಟಿಬರುವುದು ಕೊನೆಯ ಆಕಾರ. ಮೊದಲು ಯಾವ ತೂತು, ಆಮೇಲೆ ಯಾವ ಅಂಚು, ಈ ದಪ್ಪ ಆ ಅಗಲದ ಎಷ್ಟನೇ ಒಂದು ಭಾಗ ಎಂಬ ವಿನ್ಯಾಸಕಾರರ ಹೆಜ್ಜೆಗಳು ಹಿಂದೆಯೇ ಉಳಿಯುತ್ತವೆ.

ಪಹಣಿಯೇ ಬೇರೆ, ಹೊಲವೇ ಬೇರೆ

ಹಳ್ಳಿಯಲ್ಲಿ ಜಮೀನಿನ ವ್ಯವಹಾರ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಹಣಿಯಲ್ಲಿ ಎರಡು ಎಕರೆ, ಸರ್ವೆ ಟಿಪ್ಪಣಿಯಲ್ಲಿ ಇನ್ನೊಂದು ಅಳತೆ, ನೆಲದ ಮೇಲೆ ಬದು ಹಾಕಿರುವುದೇ ಮತ್ತೊಂದು ಕಡೆ. ಮೂರೂ ತಾಳೆಯಾಗುವವರೆಗೆ ಯಾವ ದಾಖಲೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ದೊಡ್ಡ ಯಂತ್ರಗಳಲ್ಲೂ ಇಂಥವೇ ಮೂರು ಇವೆ: ಅದು ಏನು ಮಾಡಬೇಕೆಂಬ ವಿನ್ಯಾಸದ ಬೇಡಿಕೆ, ಅದು ಹೇಗಿದೆಯೆಂದು ಹೇಳುವ ಕಾಗದಪತ್ರ, ಮತ್ತು ನಿಜಕ್ಕೂ ಅಲ್ಲಿ ನಿಂತಿರುವ ವಸ್ತು. ಈ ಮೂರನ್ನೂ ಸದಾ ತಾಳೆಯಲ್ಲಿಡುವ ಶಿಸ್ತನ್ನು ಎಂಜಿನಿಯರುಗಳು ಕಾನ್ಫಿಗರೇಷನ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ.

ಈ ಶಿಸ್ತು ತಪ್ಪಿದರೆ ಏನಾಗುತ್ತದೆಂಬುದಕ್ಕೆ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಮಿಲ್‌ಸ್ಟೋನ್ ಪರಮಾಣು ಸ್ಥಾವರ ಸಾಕ್ಷಿ. ರಿಯಾಕ್ಟರಿಗೆ ಹೊಸ ಇಂಧನ ತುಂಬುವಾಗ ಹಳೆಯದನ್ನು ತೆಗೆದು ಆಳವಾದ ನೀರಿನ ಕೊಳದಲ್ಲಿಡುತ್ತಾರೆ. ಕೊಳದ ನೀರನ್ನು ತಂಪಾಗಿಡುವ ವ್ಯವಸ್ಥೆಯ ಲೆಕ್ಕ ನಿಂತಿದ್ದು, ಪ್ರತಿ ಸಲ ಇಂಧನದ ಸುಮಾರು ಮೂರನೇ ಒಂದು ಭಾಗವನ್ನಷ್ಟೇ ಸ್ಥಳಾಂತರಿಸುತ್ತಾರೆಂಬ ಊಹೆಯ ಮೇಲೆ. ವಾಸ್ತವದಲ್ಲಿ ಇಡೀ ಇಂಧನವನ್ನು ಒಂದೇ ಸಲಕ್ಕೆ ತೆಗೆದಿಡುವುದು ಅಲ್ಲಿ ರೂಢಿಯಾಗಿಬಿಟ್ಟಿತ್ತು. ಸ್ಥಾವರದ ಎಂಜಿನಿಯರರೊಬ್ಬರು ಪಟ್ಟು ಹಿಡಿದು ಕೇಳಿದ ಪ್ರಶ್ನೆ 1996ರಲ್ಲಿ ಟೈಮ್ ಪತ್ರಿಕೆಯ ಮುಖಪುಟಕ್ಕೆ ಬಂತು. ತನಿಖೆ ನಡೆದಂತೆ, ಪರವಾನಗಿಯ ಕಾಗದದಲ್ಲಿದ್ದುದಕ್ಕೂ ಸ್ಥಾವರದಲ್ಲಿದ್ದುದಕ್ಕೂ ಹೊಂದದ ಸಂಗತಿಗಳು ಒಂದರ ಹಿಂದೊಂದು ಹೊರಬಿದ್ದವು. ಮೂರು ರಿಯಾಕ್ಟರುಗಳೂ ವರ್ಷಗಟ್ಟಲೆ ನಿಂತವು. ಮೊದಲನೆಯದು ಮತ್ತೆ ಚಾಲೂ ಆಗಲೇ ಇಲ್ಲ. ಅದೇ ವರ್ಷದ ಅಕ್ಟೋಬರಿನಲ್ಲಿ ಅಮೆರಿಕದ ನಿಯಂತ್ರಣ ಆಯೋಗ ದೇಶದ ಪ್ರತಿ ಪರಮಾಣು ಸ್ಥಾವರಕ್ಕೂ ಪತ್ರ ಬರೆಯಿತು. ನಿಮ್ಮ ಸ್ಥಾವರ ನಿಮ್ಮ ಕಾಗದದಲ್ಲಿರುವಂತೆಯೇ ಇದೆಯೆಂದು ನಿಮಗೆ ಹೇಗೆ ಗೊತ್ತು, ವಿವರಿಸಿ ಎಂಬುದು ಅದರ ತಾತ್ಪರ್ಯ.

ಗಮನಿಸಬೇಕಾದ್ದೆಂದರೆ, ಅಲ್ಲಿ ಯಾವ ಪೈಪೂ ಒಡೆದಿರಲಿಲ್ಲ, ಯಾವ ಕಡತವೂ ಕಳೆದಿರಲಿಲ್ಲ. ದಿನನಿತ್ಯದ ಸಣ್ಣಪುಟ್ಟ ಅನುಕೂಲಗಳು ಕಾಗದಕ್ಕೆ ಏರದೆ ಹೋಗಿದ್ದವು, ಅಷ್ಟೆ. ಒಂದು ವಾಲ್ವನ್ನು ಬದಲಿಸುತ್ತಾರೆ, ತುರ್ತು ಇತ್ತು, ನಕ್ಷೆ ತಿದ್ದುವುದು ನಾಳೆಗೆ ಉಳಿಯುತ್ತದೆ. ಇಂಥ ನಾಳೆಗಳು ಇಪ್ಪತ್ತು ವರ್ಷ ಸೇರಿದರೆ ನಕ್ಷೆಯಲ್ಲಿರುವುದು ಇನ್ಯಾವುದೋ ಸ್ಥಾವರ. ನಮ್ಮ ರೈಲ್ವೆಯ ನಕ್ಷೆಗಳ ಮೂಲೆಯಲ್ಲಿ ‘ಆಲ್ಟರೇಶನ್’ ಎಂಬ ಪಟ್ಟಿ ಇರುವುದು ಇದಕ್ಕೇ. ಯಾವ ತಿದ್ದುಪಡಿ, ಯಾವ ತಾರೀಕು, ಯಾರ ಸಹಿ ಎಂಬುದು ಅಲ್ಲಿ ಸಾಲುಸಾಲಾಗಿ ದಾಖಲಾಗುತ್ತದೆ. ಬಿಡಿಭಾಗ ತರಿಸುವವರು ನಕ್ಷೆಯ ಸಂಖ್ಯೆಯ ಜೊತೆಗೆ ಅದರ ಆಲ್ಟರೇಶನ್ ಸಂಖ್ಯೆಯನ್ನೂ ಹೇಳಲೇಬೇಕು.

ವಿಮಾನದಲ್ಲಿ ಈ ಲೆಕ್ಕ ಇನ್ನೂ ಸೂಕ್ಷ್ಮ. ಒಂದೇ ಮಾದರಿಯ ನೂರು ವಿಮಾನಗಳಲ್ಲಿ ಯಾವ ಎರಡೂ ತದ್ರೂಪವಲ್ಲ. 40ನೆಯದರಿಂದ ಬೋಲ್ಟು ಬದಲಾಗಿದೆ, 63ನೆಯದಕ್ಕೆ ರೆಕ್ಕೆಯಲ್ಲಿ ರಿಪೇರಿಯಾಗಿದೆ. ಆದ್ದರಿಂದ ವಿನ್ಯಾಸ ಮಾಡಿದಂತೆ, ಕಟ್ಟಿದಂತೆ, ರಿಪೇರಿಯಾಗಿ ಈಗ ಇರುವಂತೆ ಎಂದು ಪ್ರತಿ ವಿಮಾನಕ್ಕೂ ಮೂರು ಚಿತ್ರಗಳನ್ನು ಬೇರೆ ಬೇರೆಯಾಗಿ ಕಾಪಾಡುತ್ತಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋದಾಗ ನಮ್ಮವರಿಗೂ ಇಂಥ ತಿಳಿವಳಿಕೆಯ ಬೆಲೆ ಗೊತ್ತಾಯಿತು. ಅಣೆಕಟ್ಟೆಗೆ ಏಳು ದಶಕದ ವಯಸ್ಸು. ನೀರು ರಭಸದಿಂದ ಹರಿಯುತ್ತಿರುವಾಗಲೇ ಉಕ್ಕಿನ ತಡೆಹಲಗೆಗಳನ್ನು ಮಾಡಿಸಿ ಆ ಕಂಡಿಗೆ ಇಳಿಸಬೇಕಿತ್ತು. ಅಂಥ ಹಲಗೆ ಕೂರಬೇಕಾದ ತೋಡಿನ ಅಗಲ, ಎತ್ತರ, ತಡೆಯಬೇಕಾದ ಒತ್ತಡ ಇವುಗಳಲ್ಲಿ ಯಾವುದೂ ಅಂದಾಜಿಗೆ ಬಿಡುವ ಸಂಗತಿಯಲ್ಲ. ಅಣೆಕಟ್ಟೆ ಗೇಟುಗಳನ್ನೇ ತಯಾರಿಸುತ್ತಿದ್ದ ಹೊಸಪೇಟೆಯ ತುಂಗಭದ್ರಾ ಸ್ಟೀಲ್ ಪ್ರಾಡಕ್ಟ್ಸ್ ಎಂಬ ಕೇಂದ್ರೋದ್ಯಮ ಅಷ್ಟರಲ್ಲಿ ಮುಚ್ಚಿಹೋಗಿತ್ತು. ದಶಕಗಳಿಂದ ಗೇಟುಗಳ ಕೆಲಸದಲ್ಲೇ ಪಳಗಿದ ಹಿರಿಯ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಸುತ್ತಲಿನ ಕಾರ್ಖಾನೆಗಳಲ್ಲಿ ಹಲಗೆಗಳನ್ನು ತಯಾರಿಸಿ, ಒಂದು ವಾರದೊಳಗೆ ನೀರು ನಿಲ್ಲಿಸಲಾಯಿತು. ಆ ಸಾಹಸಕ್ಕೆ ನಾಡು ಮೆಚ್ಚುಗೆ ಸೂಸಿತು. ಒಂದು ಜಲಾಶಯದ ಭವಿಷ್ಯ ಕೆಲವೇ ವ್ಯಕ್ತಿಗಳ ಅನುಭವದ ಮೇಲೆ ನಿಂತಿತ್ತೆಂಬುದನ್ನೂ ಅದರ ಜೊತೆಗೇ ನೆನಪಿಡಬೇಕು.

ಹೀಗೇಕೆ?

ಚಂದ್ರನಿಗೆ ಮನುಷ್ಯರನ್ನು ಹೊತ್ತೊಯ್ದ ಸ್ಯಾಟರ್ನ್-5 ರಾಕೆಟ್ಟಿನ ನಕ್ಷೆಗಳು ಕಳೆದುಹೋಗಿವೆ ಎಂಬ ಸುದ್ದಿ ಆಗಾಗ ಹರಿದಾಡುತ್ತದೆ. ಅದು ನಿಜವಲ್ಲ. ನಕ್ಷೆಗಳು ಮೈಕ್ರೋಫಿಲ್ಮಿನಲ್ಲಿ ಭದ್ರವಾಗಿವೆ. ಆದರೂ 2012ರ ಹೊತ್ತಿಗೆ ನಾಸಾದ ಮಾರ್ಷಲ್ ಕೇಂದ್ರದ ಯುವ ಎಂಜಿನಿಯರುಗಳು ಆ ರಾಕೆಟ್ಟಿನ ಎಫ್-1 ಎಂಜಿನ್ನಿನ ಬಗ್ಗೆ ತಿಳಿಯಲು ಬಯಸಿದಾಗ ನಕ್ಷೆಯೊಂದೇ ಸಾಕಾಗಲಿಲ್ಲ. ಉಗ್ರಾಣದಲ್ಲಿದ್ದ ಹಳೆಯ ಎಂಜಿನ್ನೊಂದನ್ನು ಬಿಚ್ಚಿ, ಬೆಳಕಿನ ಪಟ್ಟೆಗಳ ನೆರವಿನಿಂದ ಭಾಗಭಾಗವನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರಿಗೆ ಏರಿಸಿದರು. ಅದರ ಟರ್ಬೈನಿಗೆ ಬಿಸಿ ಅನಿಲ ಒದಗಿಸುವ ಭಾಗವನ್ನು 2013ರ ಜನವರಿಯಲ್ಲಿ ಮತ್ತೆ ಉರಿಸಿಯೂ ನೋಡಿದರು.

ಬಿಚ್ಚಿದಾಗ ಕಂಡದ್ದೇನು? ಪ್ರತಿ ಎಂಜಿನ್ನೂ ಕೈಕೆಲಸದ ಕುಸುರಿ. ಬೆಸುಗೆಗಾರರು ತಮ್ಮ ಅನುಭವದಿಂದ ಅಲ್ಲಲ್ಲಿ ಮಾಡಿಕೊಂಡ ಹೊಂದಾಣಿಕೆಗಳು ನಕ್ಷೆಗೆ ಏರಿರಲಿಲ್ಲ. ಬೆಸುಗೆಯ ಗೆರೆ ಎಲ್ಲಿ ಬರಬೇಕೆಂದು ನಕ್ಷೆ ಹೇಳುತ್ತದೆ. ಲೋಹ ಸೊಟ್ಟಗಾಗದಂತೆ ಯಾವ ಕಡೆಯಿಂದ ಶುರು ಮಾಡಬೇಕೆಂಬುದನ್ನು ಕೈ ಕಲಿತಿರುತ್ತದೆ.

ಎಫ್-1ರಲ್ಲಿ ಇದಕ್ಕಿಂತ ಆಳವಾದ ಇನ್ನೊಂದು ಪಾಠವಿದೆ. ಒಂದೊಂದು ಎಂಜಿನ್ನೂ ಸೆಕೆಂಡಿಗೆ ಎರಡೂವರೆ ಟನ್ನಿಗೂ ಹೆಚ್ಚು ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕವನ್ನು ಉರಿಸುತ್ತಿತ್ತು. ಆರಂಭದಲ್ಲಿ ಆ ಉರಿ ಇದ್ದಕ್ಕಿದ್ದಂತೆ ತೊಯ್ದಾಡಿ ಎಂಜಿನ್ನನ್ನೇ ಒಡೆದುಹಾಕುತ್ತಿತ್ತು. ಇದನ್ನು ತಡೆಯಲು ಎಂಜಿನಿಯರುಗಳು ಉರಿಯುವ ಕೋಣೆಯೊಳಗೆ ಬೇಕೆಂದೇ ಸಣ್ಣ ಸ್ಫೋಟಕ ಸಿಡಿಸಿ, ತೊಯ್ದಾಟ ತಾನಾಗಿ ಅಡಗುತ್ತದೆಯೇ ಎಂದು ನೋಡಿದರು. ಸುಮಾರು 2000 ಪರೀಕ್ಷೆಗಳ ಬಳಿಕ ಇಂಧನ ಚಿಮ್ಮುವ ಫಲಕದ ಮೇಲಿನ ತಡೆಗೋಡೆಗಳಿಗೆ ಸರಿಯಾದ ರೂಪ ಸಿಕ್ಕಿತು. ನಕ್ಷೆಯಲ್ಲಿ ಕಾಣುವುದು ಆ ಗೋಡೆಗಳ ಎತ್ತರ, ದಪ್ಪ ಮಾತ್ರ. ಸೋತ ನೂರಾರು ರೂಪಗಳು ಅಲ್ಲಿಲ್ಲ. ಮುಂದೆ ಯಾರಾದರೂ ತೂಕ ಉಳಿಸಲು ಆ ಗೋಡೆಯನ್ನು ಚೂರು ತಗ್ಗಿಸಲು ಹೊರಟರೆ ನಕ್ಷೆ ಅವರನ್ನು ತಡೆಯುವುದಿಲ್ಲ.

ಕಾರಣ ಬರೆದಿಡದಿದ್ದರೆ ಆಗುವ ತೊಂದರೆ ಇದು. ಕಾರಣ ಬರೆಯಬೇಕಾದವರಿಗೇ ಅದು ತಿಳಿದಿರದಿದ್ದರೆ? ಅಮೆರಿಕದ ಡಬ್ಲ್ಯು-76 ಎಂಬ ಪರಮಾಣು ಸಿಡಿತಲೆಯಲ್ಲಿ ‘ಫಾಗ್‌ಬ್ಯಾಂಕ್’ ಎಂಬ ಗುಟ್ಟಿನ ಪದಾರ್ಥವೊಂದಿದೆ. ಅದೇನೆಂಬುದು ಇಂದಿಗೂ ರಹಸ್ಯ. 1975ರಿಂದ 1989ರವರೆಗೆ ಓಕ್ ರಿಡ್ಜ್‌ನಲ್ಲಿ ಅದನ್ನು ತಯಾರಿಸಿ, ಕೆಲಸ ಮುಗಿಯಿತೆಂದು ಘಟಕ ಮುಚ್ಚಿದರು. 2000ದ ಬಳಿಕ ಸಿಡಿತಲೆಗಳ ಆಯಸ್ಸು ಹೆಚ್ಚಿಸಲು ಅದು ಮತ್ತೆ ಬೇಕಾಯಿತು. ನೋಡಿದರೆ ದಾಖಲೆ ಅಲ್ಪಸ್ವಲ್ಪ. ತಯಾರಿಸಿದವರಲ್ಲಿ ಹೆಚ್ಚಿನವರು ನಿವೃತ್ತರಾಗಿದ್ದರು ಇಲ್ಲವೇ ಕೆಲಸ ಬಿಟ್ಟಿದ್ದರು. ಹೊಸ ಘಟಕ ಕಟ್ಟಿ, ಹಳೆಯ ವಿಧಾನವನ್ನೇ ಅನುಸರಿಸಿ ಮಾಡಿದರೂ ಪದಾರ್ಥ ಪರೀಕ್ಷೆಯಲ್ಲಿ ಸೋತಿತು. ಕೋಟಿಗಟ್ಟಲೆ ಡಾಲರ್ ಸುರಿದು ಹುಡುಕಿದ ಮೇಲೆ ಸಿಕ್ಕ ಕಾರಣ ವಿಚಿತ್ರವಾಗಿತ್ತು. ಹಳೆಯ ಕಚ್ಚಾವಸ್ತುವಿನಲ್ಲಿ ಒಂದು ಕಲ್ಮಶ ಇರುತ್ತಿತ್ತು. ಹೊಸ ಘಟಕದ ಶುದ್ಧೀಕರಣ ಎಷ್ಟು ಚೆನ್ನಾಗಿತ್ತೆಂದರೆ ಆ ಕಲ್ಮಶ ಪೂರ್ತಿ ತೊಳೆದುಹೋಗುತ್ತಿತ್ತು. ಪದಾರ್ಥದ ಗುಣ ನಿಂತಿದ್ದೇ ಆ ಕಲ್ಮಶದ ಮೇಲೆ. ಮೂಲ ತಯಾರಕರಿಗೆ ಇದು ಗೊತ್ತಿರಲಿಲ್ಲ, ಆದ್ದರಿಂದ ಬರೆದಿಡಲೂ ಇಲ್ಲ.

ಎಷ್ಟೇ ಶ್ರದ್ಧೆಯಿಂದ ಬರೆದಿಟ್ಟರೂ ಬರವಣಿಗೆಯ ಹೊರಗೆ ಏನೋ ಉಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಚೊಕ್ಕ ಉದಾಹರಣೆ ಸಿಗದು. ಹಾಗೆಂದು ಕೈಚೆಲ್ಲಬೇಕಿಲ್ಲ. ಇದರ ತದ್ವಿರುದ್ಧ ದಿಕ್ಕಿನಲ್ಲಿ ಗೆದ್ದ ಒಂದು ಪ್ರಯತ್ನ ಎಲೆಕ್ಟ್ರಾನಿಕ್ಸ್ ಕ್ಷೇತ್ರದಲ್ಲಿದೆ. 1980ರ ದಶಕದ ಮೊದಲಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ತಲೆನೋವಾಗಿದ್ದು ಚಿಪ್‌ಗಳು. ಯುದ್ಧ ವಿಮಾನ ಮೂವತ್ತು ವರ್ಷ ಹಾರುತ್ತದೆ, ಅದರೊಳಗಿನ ಚಿಪ್ ಮಾರುಕಟ್ಟೆಯಿಂದ ಕೆಲವೇ ವರ್ಷಗಳಲ್ಲಿ ಮಾಯವಾಗುತ್ತದೆ. ಚಿಪ್ಪಿನ ನಕ್ಷೆ ಇಟ್ಟುಕೊಂಡು ಪ್ರಯೋಜನವಿಲ್ಲ, ಏಕೆಂದರೆ ಅದನ್ನು ಆ ರೀತಿ ತಯಾರಿಸುವ ಕಾರ್ಖಾನೆಯೇ ಉಳಿದಿರುವುದಿಲ್ಲ. ಆಗ ಅವರು ಚಿಪ್ ಏನು ಮಾಡುತ್ತದೆ ಎಂಬುದನ್ನು, ಅಂದರೆ ಯಾವ ಸಂಕೇತಕ್ಕೆ ಯಾವ ಉತ್ತರ ಕೊಡುತ್ತದೆ ಎಂಬುದನ್ನು ವಿವರಿಸುವ ಒಂದು ಭಾಷೆಯನ್ನೇ ರೂಪಿಸಿದರು. 1987ರಲ್ಲಿ ಮಾನಕವಾದ ಆ ಭಾಷೆ ವಿಎಚ್‌ಡಿಎಲ್. ದಾಖಲೆಗೆಂದು ಹುಟ್ಟಿದ ಭಾಷೆಯನ್ನು ಕಂಪ್ಯೂಟರಿನಲ್ಲಿ ಓಡಿಸಿ ಪರೀಕ್ಷಿಸಬಹುದೆಂದು ಗೊತ್ತಾದದ್ದೇ ತಡ, ಅದರಲ್ಲೇ ಹೊಸ ಚಿಪ್‌ಗಳ ವಿನ್ಯಾಸವೂ ಶುರುವಾಯಿತು. ಇಂದು ಬೆಂಗಳೂರಿನ ಚಿಪ್ ವಿನ್ಯಾಸ ಕಚೇರಿಗಳಲ್ಲಿ ಅದು, ಅದರ ಸೋದರ ಭಾಷೆಗಳು ನಿತ್ಯದ ಮಾತು. ಓಡಿಸಿ ನೋಡಬಹುದಾದ ದಾಖಲೆಗೆ ಸುಳ್ಳು ಹೇಳುವುದು ಕಷ್ಟ.

ಕಡತ ಯಾರ ಕೈಯಲ್ಲಿ?

ಬ್ರಿಟನ್ ಮತ್ತು ಫ್ರಾನ್ಸ್ ಸೇರಿ ರೂಪಿಸಿದ ಜಾಗ್ವಾರ್ ಯುದ್ಧ ವಿಮಾನ ಭಾರತದ ವಾಯುಪಡೆಗೆ ಬಂದಿದ್ದು 1979ರಲ್ಲಿ. ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ಅದನ್ನು ಇಲ್ಲೇ ತಯಾರಿಸಿತು. ಫ್ರಾನ್ಸ್ 2005ರಲ್ಲಿ, ಬ್ರಿಟನ್ 2007ರಲ್ಲಿ ತಮ್ಮ ಜಾಗ್ವಾರ್‌ಗಳನ್ನು ಸೇವೆಯಿಂದ ಇಳಿಸಿದವು. ಈಗ ಅದನ್ನು ಹಾರಿಸುತ್ತಿರುವ ದೇಶ ಭಾರತವೊಂದೇ. ಬಿಡಿಭಾಗಗಳಿಗಾಗಿ ಬೇರೆ ದೇಶಗಳು ಕೈಬಿಟ್ಟ ವಿಮಾನಗಳ ಒಡಲನ್ನು ತರಿಸಿಕೊಂಡದ್ದೂ ಉಂಟು. ಹೆತ್ತವರು ಮರೆತ ವಿನ್ಯಾಸದ ಹೊಣೆ ಸಾಕಿದವರ ಮೇಲೆ ಬಿದ್ದಿದೆ. ಹಾಗಿದ್ದೂ ಅದರೊಳಗಿನ ಗುರಿ ಹಿಡಿಯುವ, ದಾರಿ ತೋರುವ ವ್ಯವಸ್ಥೆಗಳನ್ನು ‘ಡೇರಿನ್’ ಹೆಸರಿನಲ್ಲಿ ಮೂರು ಹಂತಗಳಲ್ಲಿ ಹೊಸದಾಗಿಸಲು ಇಲ್ಲಿನವರಿಗೆ ಸಾಧ್ಯವಾಯಿತು. ದಶಕಗಳ ಕಾಲ ಕಟ್ಟುತ್ತ, ಬಿಚ್ಚುತ್ತ, ಬದಲಿಸುತ್ತ ಬಂದದ್ದು ಅದಕ್ಕೆ ಮುಖ್ಯ ಕಾರಣ.

ಬಿಡುವು ಕೊಟ್ಟರೆ ಏನಾಗುತ್ತದೆಂದು ಬ್ರಿಟನ್ ತನ್ನ ಜಲಾಂತರ್ಗಾಮಿಗಳಲ್ಲಿ ಕಂಡಿತು. ವ್ಯಾನ್‌ಗಾರ್ಡ್ ವರ್ಗದ ವಿನ್ಯಾಸ ಮುಗಿದ ಮೇಲೆ ಮುಂದಿನ ಆಸ್ಟ್ಯೂಟ್ ವರ್ಗಕ್ಕೆ ಆದೇಶ ಸಿಕ್ಕಿದ್ದು 1997ರಲ್ಲಿ. ನಡುವಿನ ವರ್ಷಗಳಲ್ಲಿ ಅನುಭವಿ ವಿನ್ಯಾಸಕಾರರು ಚದುರಿಹೋಗಿದ್ದರು. ಹಳೆಯ ಜಲಾಂತರ್ಗಾಮಿಗಳ ದಾಖಲೆಗಳಿಗೆ ಕೊರತೆ ಇರಲಿಲ್ಲ, ಕಂಪ್ಯೂಟರಿನಲ್ಲಿ ವಿನ್ಯಾಸ ಮಾಡುವ ಹೊಸ ಕ್ಯಾಡ್ ಸಾಫ್ಟ್‌ವೇರೂ ಇತ್ತು. ಆದರೂ ಕೆಲಸ ಕಗ್ಗಂಟಾಗಿ, ಅಮೆರಿಕದ ಎಲೆಕ್ಟ್ರಿಕ್ ಬೋಟ್ ಕಂಪನಿಯ ಎಂಜಿನಿಯರುಗಳನ್ನು ಕರೆಸಿಕೊಳ್ಳಬೇಕಾಯಿತು. ಮೊದಲ ಆಸ್ಟ್ಯೂಟ್ ನೌಕಾಪಡೆ ಸೇರಿದ್ದು ನಾಲ್ಕು ವರ್ಷಕ್ಕೂ ಹೆಚ್ಚು ತಡವಾಗಿ, 2010ರಲ್ಲಿ.

ಬಿಡುವನ್ನೇ ಕೊಡದ ಉದಾಹರಣೆ ವಾಯೇಜರ್-1. 1977ರಲ್ಲಿ ಹಾರಿದ ಈ ನೌಕೆ 2023ರ ನವೆಂಬರಿನಲ್ಲಿ ಅರ್ಥವಿಲ್ಲದ ಸಂಕೇತ ಕಳಿಸತೊಡಗಿತು. ಭೂಮಿಯಿಂದ 2400 ಕೋಟಿ ಕಿಲೋಮೀಟರ್ ದೂರ. ಒಂದು ಆದೇಶ ತಲುಪಲು ಇಪ್ಪತ್ತೆರಡೂವರೆ ಗಂಟೆ. ತಂಡದವರು ನಾಲ್ಕೂವರೆ ದಶಕದ ಹಿಂದಿನ ಕಾಗದಗಳನ್ನು ಹರಡಿಕೊಂಡು ಕೂತರು. ದತ್ತಾಂಶ ಕಟ್ಟುವ ಕಂಪ್ಯೂಟರಿನ ಒಂದು ಚಿಪ್ ಸತ್ತು ಅದರ ಸ್ಮೃತಿಯ ಶೇ 3ರಷ್ಟು ಕೆಟ್ಟಿದೆಯೆಂದು ಪತ್ತೆಹಚ್ಚಿದರು. ಕೆಟ್ಟ ಜಾಗದಲ್ಲಿದ್ದ ಪ್ರೋಗ್ರಾಮನ್ನು ತುಂಡು ತುಂಡು ಮಾಡಿ, ಬೇರೆ ಕಡೆ ಸಿಕ್ಕ ಸಂದಿಗಳಲ್ಲಿ ತುರುಕಿದರು. 2024ರ ಏಪ್ರಿಲ್ 20ರಂದು ನೌಕೆಯ ಕ್ಷೇಮಸಮಾಚಾರ ಮತ್ತೆ ಬಂತು. ಆ ಕಾಗದಗಳನ್ನು ಬರೆದವರು ಇಂಥ ತೊಂದರೆಯನ್ನು ಊಹಿಸಿರಲಿಲ್ಲ. ಆದರೆ ಯೋಜನೆ ಒಂದು ದಿನವೂ ಮುಚ್ಚಿರಲಿಲ್ಲ. ಹಳಬರ ಪಕ್ಕದಲ್ಲಿ ಹೊಸಬರು ಕೂತು ಅದೇ ಕಾಗದಗಳನ್ನು ಓದುತ್ತಲೇ ಬಂದಿದ್ದರು.

ಕಡತಕ್ಕೂ ಪರೀಕ್ಷೆ

ಜಾಗ್ವಾರ್, ಆಸ್ಟ್ಯೂಟ್, ವಾಯೇಜರ್ ಮೂರನ್ನೂ ಪಕ್ಕಪಕ್ಕ ಇಟ್ಟರೆ ‘ಹೀಗೇಕೆ’ ಎಂಬುದು ಮರೆತುಹೋಗುವ ಆ ಮೂರನೆಯ ಕೇಡಿಗೆ ಮದ್ದು ಕಾಣುತ್ತದೆ. ವಿನ್ಯಾಸದ ಮಾಹಿತಿ ಬೀರುವಿನಲ್ಲಿಟ್ಟ ಮಾತ್ರಕ್ಕೆ ಉಳಿಯುವುದಿಲ್ಲ. ಯಾರಾದರೂ ಅದನ್ನು ಬಳಸುತ್ತಿದ್ದರೆ ಉಳಿಯುತ್ತದೆ. ಬಳಸಿದಾಗ ಮಾತ್ರ ಎಲ್ಲಿ ಹರಿದಿದೆ, ಎಲ್ಲಿ ಅರ್ಥವಾಗುವುದಿಲ್ಲ, ಎಲ್ಲಿ ಬರೆಯದೇ ಬಿಟ್ಟಿದ್ದಾರೆ ಎಂಬುದು ಬೆಳಕಿಗೆ ಬರುತ್ತದೆ.

ಬಳಸುವ ಸಂದರ್ಭವೇ ಬರದ ಮಾಹಿತಿಯನ್ನು ಏನು ಮಾಡುವುದು? ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ವಿಕಿರಣಶೀಲ ಕಸವನ್ನು ಹೂತಿಟ್ಟ ಮಾಂಶ್ ಕೇಂದ್ರವಿದೆ. 1969ರಿಂದ 1994ರವರೆಗೆ ಅಲ್ಲಿ 5 ಲಕ್ಷ ಘನಮೀಟರಿಗೂ ಹೆಚ್ಚು ಕಸ ತುಂಬಿ ಮುಚ್ಚಿದರು. ಅದರ ಮೇಲೆ 300 ವರ್ಷ ಕಣ್ಣಿಡಬೇಕು. ಹೊಣೆ ಹೊತ್ತ ಆಂಡ್ರಾ ಸಂಸ್ಥೆ ವಿವರವಾದ ದಾಖಲೆಗಳನ್ನು ಬಹುಕಾಲ ಬಾಳುವ ವಿಶೇಷ ಕಾಗದದ ಮೇಲೆ ಮುದ್ರಿಸಿ, ಒಂದು ಪ್ರತಿಯನ್ನು ಸ್ಥಳದಲ್ಲೂ ಇನ್ನೊಂದನ್ನು ರಾಷ್ಟ್ರೀಯ ಪತ್ರಾಗಾರದಲ್ಲೂ ಇಟ್ಟಿದೆ. ಸಾವಿರಾರು ದಾಖಲೆಗಳಲ್ಲಿ ಕಳೆದುಹೋಗದಂತೆ ಇನ್ನೂರು ಪುಟದೊಳಗಿನ ಒಂದು ಸಾರಾಂಶವನ್ನೂ ಮಾಡಿದೆ. ಅಷ್ಟಕ್ಕೇ ನಿಲ್ಲದೆ, ಆ ಕೇಂದ್ರದಲ್ಲಿ ಎಂದೂ ಕೆಲಸ ಮಾಡದ ಹೊರಗಿನವರನ್ನು ಕರೆಸಿ, ಕೆಲವು ಪ್ರಶ್ನೆ ಕೊಟ್ಟು, ಬರೀ ಈ ದಾಖಲೆಗಳಿಂದ ಉತ್ತರ ಹುಡುಕಿ ಎಂದು ಪರೀಕ್ಷಿಸಿದೆ. ಇಲ್ಲಿ ಪರೀಕ್ಷೆಗೆ ಕೂತದ್ದು ಓದಿದವರಲ್ಲ, ಕಡತ.

ಈ ಪರೀಕ್ಷೆಗೆ ರಾಕೆಟ್ ವಿಜ್ಞಾನ ಬೇಕಿಲ್ಲ. ನಕ್ಷೆ ಬರೆಯದ ಒಬ್ಬರಿಗೆ ಅದನ್ನು ಕೊಟ್ಟು ಒಂದು ಬಿಡಿಭಾಗ ಮಾಡಿಸಿ, ಕೂರುತ್ತದೆಯೇ ನೋಡಬಹುದು. ಐದು ವರ್ಷಕ್ಕೊಮ್ಮೆ ಹಳೆಯ ಕಡತ ತೆರೆದು ಘನಗಾತ್ರ ತಾಳೆ ನೋಡಬಹುದು. ನಿವೃತ್ತರಾಗುವ ಎಂಜಿನಿಯರಿಗೆ ಹಾರ ಹಾಕುವ ಮೊದಲು, ಅವರು ಯಾವ ಯಾವ ಉಪಾಯಗಳನ್ನು ಕೈಬಿಟ್ಟರು, ಏಕೆ ಕೈಬಿಟ್ಟರು ಎಂದು ಕೇಳಿ ಬರೆದಿಡಬಹುದು. ಇದಕ್ಕೆಲ್ಲ ಹಣ ಬೇಕು, ಜನ ಬೇಕು. ಯಂತ್ರ ಕೊಳ್ಳುವಾಗ ಅದರ ಪೂರ್ಣ ವಿನ್ಯಾಸ ಮಾಹಿತಿಯನ್ನೂ, ಅದನ್ನು ಬಳಸುವ ಹಕ್ಕನ್ನೂ ಕೊಳ್ಳದೆ ಉಳಿಸಿದ ಹಣ ಮೂವತ್ತು ವರ್ಷದ ಬಳಿಕ ಹಲವು ಪಟ್ಟಾಗಿ ಕೈಬಿಟ್ಟು ಹೋಗುತ್ತದೆ.

ಕೈಗಾದಲ್ಲಿ 5 ಮತ್ತು 6ನೇ ಪರಮಾಣು ಘಟಕಗಳು ಏಳುತ್ತಿವೆ, ಬೆಂಗಳೂರಿನಲ್ಲಿ ಮೆಟ್ರೊ ಸುರಂಗಗಳು ಸಿದ್ಧವಾಗುತ್ತಿವೆ. ಇವೆಲ್ಲ ನೂರು ವರ್ಷದ ಲೆಕ್ಕದ ವಸ್ತುಗಳು. ಕಾಂಕ್ರೀಟಿನ ಬಲವನ್ನು ಘನ ಎರಕ ಹೊಯ್ದು ಒಡೆದು ಪರೀಕ್ಷಿಸಬೇಕೆಂದು ಗುತ್ತಿಗೆ ಪತ್ರದಲ್ಲೇ ಬರೆದಿರುತ್ತದೆ. 28ನೇ ದಿನಕ್ಕೆ ಇಷ್ಟು ಬಲ ಬರಲೇಬೇಕು, ಬರದಿದ್ದರೆ ಬಿಲ್ ಪಾಸಾಗದು. ಹೊಸಬರ ಕೈಗೆ ಕೊಟ್ಟಾಗ ಕಡತವೂ ತನ್ನ ಕೆಲಸ ಮಾಡಲೇಬೇಕು, ಮಾಡದಿದ್ದರೆ ಬಿಲ್ ಪಾಸಾಗದು ಎಂಬ ಒಂದು ಸಾಲು ಅದೇ ಗುತ್ತಿಗೆ ಪತ್ರಕ್ಕೆ ಸೇರಬೇಕು.